ಬಹುಮಾನದ ದುಡ್ಡು ಯಾರ ಜೇಬಿನದು?

(ಕೇರಿಯ ಸಭೆಯಲ್ಲಿ ಆಡಿದ ಮಾತು, ಬರಹಕ್ಕೆ ಇಳಿಸಿದ್ದು)



ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಬುದ್ಧಿಮಾತು ಆಮೇಲೆ. ಕೆಲವು ವರ್ಷದ ಹಿಂದೆ ನಾನೂ ಒಂದು ಕಂಪನಿಗೆ ಸೇರಿದ್ದೆ. ಆರು ಸಾವಿರ ಕಟ್ಟು, ಆರು ಜನರನ್ನು ಸೇರಿಸು, ಆ ಆರು ಜನ ಒಬ್ಬೊಬ್ಬರೂ ಆರಾರು ಜನರನ್ನು ತರಲಿ, ನಿನಗೆ ಕಮಿಷನ್ನು, ಆಮೇಲೆ ಬೈಕು, ಆಮೇಲೆ ಕಾರು ಅಂದರು. ಪಟ್ಟಣದ ಛತ್ರದಲ್ಲಿ ಕೋಟು ಹಾಕಿದವನೊಬ್ಬ ಮೈಕು ಹಿಡಿದು, "ನೀವೂ ಸಾಹೇಬರಾಗಬೇಡವೇ?" ಅಂತ ಕೇಳಿದ. ಹುಟ್ಟಿದಾಗಿನಿಂದ ನಮ್ಮನ್ನು ಹಾಗೆ ಕೇಳಿದವರೇ ಇರಲಿಲ್ಲ. ನಾನು ಬಿದ್ದೆ.

ನಾನು ಸೇರಿಸಿದ ಆರು ಜನರಲ್ಲಿ ಮೊದಲನೆಯವಳು ನನ್ನ ಚಿಕ್ಕಮ್ಮ. ಕುರಿ ಮಾರಿ ದುಡ್ಡು ಕೊಟ್ಟಳು. ನನಗೆ ಮೂರು ಸಾವಿರ ಕಮಿಷನ್ ಬಂತು. ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆ ಮೂರು ಸಾವಿರ ಎಲ್ಲಿಂದ ಬಂತು ಅಂತ ಮಾತ್ರ ಕೇಳಲಿಲ್ಲ. ಅದು ಚಿಕ್ಕಮ್ಮನ ಕುರಿಯ ದುಡ್ಡು. ಅವಳ ಜೇಬಿನಿಂದ ತೆಗೆದು ಅರ್ಧ ನನಗೆ ಕೊಟ್ಟು, ಅರ್ಧ ಅವರು ಇಟ್ಟುಕೊಂಡಿದ್ದರು. ಆಮೇಲೆ ಒಂದು ದಿನ ಕಂಪನಿ ಬಾಗಿಲು ಹಾಕಿತು.

ಅದಕ್ಕೇ ಇವತ್ತು ನಾನು ಹೇಳೋದು ಒಂದೇ ಮಾತು. ಯಾರೇ ಬಂದು ಬಹುಮಾನ ಅಂದರೂ, ಲಾಭ ಅಂದರೂ, ಬೋನಸ್ ಅಂದರೂ ಮೊದಲು ಕೇಳಿ: ಕೊಡೋ ದುಡ್ಡು ಯಾರ ಜೇಬಿನದು?

ನಿಜವಾದ ಸ್ಪರ್ಧೆ ಇಲ್ಲವೇ? ಇದೆ. ಪತ್ರಿಕೆಯವರು ಕಥಾಸ್ಪರ್ಧೆ ಇಡುತ್ತಾರೆ. ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ, ಊರಿನಲ್ಲಿ ಓಟ, ಕಬಡ್ಡಿ ಇರುತ್ತೆ. ಅಲ್ಲಿ ಬಹುಮಾನ ಇಡುವವನು ತನ್ನ ದುಡ್ಡು ಇಡುತ್ತಾನೆ, ಇಲ್ಲವೇ ದಾನಿಯಿಂದ ತರುತ್ತಾನೆ. ಪ್ರವೇಶ ಶುಲ್ಕ ಇದ್ದರೆ ಎಷ್ಟು ಅಂತ ಮೊದಲೇ ಹೇಳುತ್ತಾನೆ. ನಿಯಮ, ಕೊನೇ ದಿನ, ತೀರ್ಪು ಕೊಡುವವರು ಎಲ್ಲಾ ಅಚ್ಚಾಗಿರುತ್ತೆ. ನೀನು ಗೆಲ್ಲೋದು ನಿನ್ನ ಕೈಚಳಕದಿಂದ, ಕಾಲಿನ ಶಕ್ತಿಯಿಂದ. ನೀನು ಗೆಲ್ಲಬೇಕಾದರೆ ನಿನ್ನ ಭಾವ, ನಾದಿನಿ ಬಂದು ದುಡ್ಡು ಕಟ್ಟಬೇಕಾಗಿಲ್ಲ. ಬಹುಮಾನದ ಆಸೆ ತೋರಿಸಿ ಕೊಡದೇ ಇರೋದು, ಫಲಿತಾಂಶ ಮುಚ್ಚಿಡೋದು ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ವ್ಯಾಪಾರ ಪದ್ಧತಿ.

ಈ ಜಾಣ್ಮೆ ಮತ್ತು ಅದೃಷ್ಟದ ವ್ಯತ್ಯಾಸ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅದೂ ನಮ್ಮ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಒಂದು ಪತ್ರಿಕೆಯ ಪದಬಂಧ ಸ್ಪರ್ಧೆಯಿಂದ. ಚಮರ್‌ಬಾಗ್‌ವಾಲಾ ಮೊಕದ್ದಮೆ ಅಂತ ಅದಕ್ಕೆ ಹೆಸರು. 1957ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ಗೆಲುವು ಹೆಚ್ಚಾಗಿ ಜಾಣ್ಮೆಯ ಮೇಲೆ ನಿಂತಿದ್ದರೆ ಅದು ಸ್ಪರ್ಧೆ. ಅದೃಷ್ಟದ ಮೇಲೆ ನಿಂತಿದ್ದರೆ ಅದು ಜೂಜು. ಜೂಜಿಗೆ ವ್ಯಾಪಾರದ ಹಕ್ಕು ಅಂತ ಸಂವಿಧಾನದ ರಕ್ಷಣೆ ಸಿಕ್ಕೋದಿಲ್ಲ.

ಇನ್ನು ಚೀಟಿ. ನಮ್ಮ ಹೆಂಗಸರು ಚೀಟಿ ಹಾಕದ ಕೇರಿ ಇಲ್ಲ. ಇಪ್ಪತ್ತು ಜನ, ಇಪ್ಪತ್ತು ತಿಂಗಳು. ಚೀಟಿ ಎತ್ತಿದವಳೂ ಕೊನೇ ತಿಂಗಳವರೆಗೆ ಕಂತು ಕಟ್ಟುತ್ತಾಳೆ. ಅದಕ್ಕೇ ಕೊನೆಯವಳಿಗೂ ದುಡ್ಡು ಸಿಗುತ್ತೆ. ಇದನ್ನು ವ್ಯಾಪಾರವಾಗಿ ನಡೆಸುವವರು 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಬೇಕು. ನಡೆಸುವವನ ಕಮಿಷನ್ ನೂರಕ್ಕೆ ಐದು ಮೀರಬಾರದು ಅಂತಿತ್ತು, 2019ರ ತಿದ್ದುಪಡಿಯಲ್ಲಿ ಏಳು ಮಾಡಿದರು.

ಇದೇ ಚೀಟಿಯ ವೇಷ ಹಾಕಿಕೊಂಡು ಇನ್ನೊಂದು ಬರುತ್ತೆ. ತಿಂಗಳು ತಿಂಗಳು ಸಾವಿರ ಕಟ್ಟಿ, ಲಕ್ಕಿ ಡ್ರಾ ಎತ್ತುತ್ತೇವೆ, ಹೆಸರು ಬಂದವರಿಗೆ ಬೈಕು ಇಲ್ಲವೇ ಚಿನ್ನ, ಮುಂದಿನ ಕಂತು ಕಟ್ಟಬೇಕಾಗಿಲ್ಲ ಅನ್ನುತ್ತಾರೆ. ಕೇಳೋಕೆ ಚೆಂದ. ಗೆದ್ದವನು ಕಟ್ಟೋದು ನಿಲ್ಲಿಸಿದರೆ ಅವನ ಬೈಕಿಗೆ ಕಟ್ಟುವವರು ಯಾರು? ಸೋತ ನೀವು. ಕೊನೆಗೆ ನಿಮ್ಮ ದುಡ್ಡು ವಾಪಸ್ ಕೊಡೋಕೆ ಡಬ್ಬದಲ್ಲಿ ಏನು ಉಳಿದಿರುತ್ತೆ?

ಈಗ ನಾನು ಬಿದ್ದ ಗುಂಡಿಗೆ ಬರೋಣ. ಸರಪಳಿ ಕಂಪನಿ. ಇಲ್ಲಿ ಎಣ್ಣೆ ಸೀಸೆ, ಸೋಪು, ಪುಡಿ ಡಬ್ಬ ಇರಬಹುದು, ಇಲ್ಲದೇ ಇರಬಹುದು. ಅದು ನೆಪ. ಲಾಭ ಬರೋದು ಸೋಪು ಮಾರಿ ಅಲ್ಲ, ಮನುಷ್ಯರನ್ನು ಸೇರಿಸಿ. ಲೆಕ್ಕ ಹಾಕಿ ನೋಡೋಣ, ಓದುವ ಮಕ್ಕಳು ಪೆನ್ಸಿಲ್ ತೆಗೀರಿ. ಒಬ್ಬ ಆರು ಜನರನ್ನು ತರುತ್ತಾನೆ. ಎರಡನೇ ಮೆಟ್ಟಿಲಿಗೆ 36. ಮೂರಕ್ಕೆ 216. ನಾಲ್ಕಕ್ಕೆ 1,296. ಐದಕ್ಕೆ 7,776. ಆರಕ್ಕೆ 46,656. ಹತ್ತನೇ ಮೆಟ್ಟಿಲಿಗೆ 6,04,66,176. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷದ ಹತ್ತಿರ. ಅಂದರೆ ತೊಟ್ಟಿಲಲ್ಲಿರೋ ಕೂಸಿನ ಹೆಸರು ಬರೆಸಿದರೂ ಆ ಹತ್ತನೇ ಮೆಟ್ಟಿಲಿನ ಜನಕ್ಕೆ ಮುಂದೆ ಸೇರಿಸೋಕೆ ಯಾರೂ ಸಿಗೋದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಕ್ರೂರ. ಇಂಥ ಕಂಪನಿ ಯಾವ ದಿನ ನಿಂತರೂ, ಆವತ್ತು ಸೇರಿದ್ದವರಲ್ಲಿ ಆರಕ್ಕೆ ಐದು ಜನ ಕೊನೇ ಸಾಲಿನವರೇ. ಅವರ ಕೆಳಗೆ ಯಾರೂ ಇಲ್ಲ. ಅವರಿಗೆ ಬಿಡಿಗಾಸೂ ಇಲ್ಲ. ಕಂಪನಿ ಕೆಟ್ಟದ್ದು, ಅದಕ್ಕೆ ಮುಳುಗಿತು ಅಂತ ತಿಳೀಬೇಡಿ. ಮುಳುಗೋದೇ ಅದರ ಲೆಕ್ಕ.

ಸರಪಳಿ ಇಲ್ಲದೆಯೂ ಇದೇ ಮೋಸ ನಡೆಯುತ್ತೆ. ಸೇರಿಸೋ ಕೆಲಸ ನಿನಗೆ ಬೇಡ, ದುಡ್ಡು ಇಡು, ಹೆಚ್ಚು ಬಡ್ಡಿ ಕೊಡುತ್ತೇನೆ ಅನ್ನುತ್ತಾರೆ. 1920ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಅನ್ನುವವನು 45 ದಿನದಲ್ಲಿ ನೂರಕ್ಕೆ ಐವತ್ತು ಲಾಭ ಅಂದ. ಹೊಸಬರ ದುಡ್ಡು ತೆಗೆದು ಹಳಬರಿಗೆ ಕೊಟ್ಟ, ಅದೇ ವರ್ಷ ಕುಸಿದ. 2013ರಲ್ಲಿ ಪಶ್ಚಿಮ ಬಂಗಾಳದ ಶಾರದಾ ಗುಂಪು ಕುಸಿದಾಗ ಲಕ್ಷಾಂತರ ಬಡವರ ಉಳಿತಾಯ ಹೋಯಿತು. 2019ರಲ್ಲಿ ಬೆಂಗಳೂರಿನಲ್ಲಿ ಐಎಂಎ ಮುಳುಗಿದಾಗ ಸಾವಿರಾರು ಜನ ದೂರು ಹಿಡಿದು ಸಾಲು ನಿಂತರು. ಊರು ಬೇರೆ, ಹೆಸರು ಬೇರೆ.

ಕಾನೂನು ಇಲ್ಲ ಅಂತಲ್ಲ. ಬಹುಮಾನದ ಚೀಟಿ ಮತ್ತು ಹಣ ಪರಿಚಲನೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರಲ್ಲೇ ಬಂದಿದೆ. ಮೂರು ವರ್ಷದವರೆಗೆ ಜೈಲು, ಐದು ಸಾವಿರದವರೆಗೆ ದಂಡ ಅಂತ ಅದರಲ್ಲಿ ಬರೆದಿದೆ. ನೇರ ಮಾರಾಟದ ಹೆಸರಿನಲ್ಲಿ ಸರಪಳಿ ನಡೆಸಬಾರದು ಅಂತ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಇನ್ನೊಂದನ್ನು ಕಿವಿಗೊಟ್ಟು ಕೇಳಿ. 1978ರ ಕಾಯ್ದೆ ನಡೆಸುವವನನ್ನು ಮಾತ್ರ ಹಿಡಿಯೋದಿಲ್ಲ. ಜನರನ್ನು ಸೇರಿಸಿದವನೂ ತಪ್ಪಿತಸ್ಥ, ಸದಸ್ಯನಾಗಿ ಸೇರೋದೂ ನಿಷಿದ್ಧ. ನಾನು ಮೋಸ ಹೋದವನೂ ಹೌದು, ಮೋಸ ಮಾಡಿದವನೂ ಹೌದು. ಈ ಹೆದರಿಕೆಯಿಂದಲೇ ನಮ್ಮವರು ದೂರು ಕೊಡೋದಿಲ್ಲ. ಕೋಟಿನವನಿಗೆ ಬೇಕಾಗಿರೋದೂ ಅದೇ.

ಅವನು ನಮ್ಮ ಕೇರಿಗೇ ಯಾಕೆ ಬರ್ತಾನೆ? ಬ್ಯಾಂಕಿನ ಮೇನೇಜರ ಜಾಮೀನು ಕೇಳ್ತಾನೆ, ಪಹಣಿ ಕೇಳ್ತಾನೆ. ಇವನು ಹೆಗಲ ಮೇಲೆ ಕೈ ಹಾಕ್ತಾನೆ. ಅವನ ಬಂಡವಾಳ ಸೋಪಲ್ಲ, ನಮ್ಮ ನಂಟಸ್ತಿಕೆ. ಅತ್ತೆ ನಂಬೋದು ಅಳಿಯನನ್ನು, ಕಂಪನಿಯನ್ನಲ್ಲ. ಮೇಲಿನವನು ಕೆಳಗಿನವನ ತಲೆ ಮೇಲೆ ಕಾಲಿಟ್ಟು ನಿಲ್ಲೋ ಏಣಿ ನಮಗೆ ಹೊಸದಲ್ಲ. ಅದರ ಕೆಳಗಿನ ಮೆಟ್ಟಿಲು ಏನು ಅಂತ ತಲೆತಲಾಂತರದಿಂದ ಬಲ್ಲವರು ನಾವು. ಅಂಥ ಏಣಿಯನ್ನು ದುಡ್ಡು ಕೊಟ್ಟು ತಂದು, ನಮ್ಮ ಕೇರಿಯಲ್ಲೇ ನೆಟ್ಟು, ನಮ್ಮ ಚಿಕ್ಕಮ್ಮನನ್ನೇ ಕೆಳಗೆ ನಿಲ್ಲಿಸಬೇಕೇ?

ಆದ್ದರಿಂದ ನಾಲ್ಕು ಪ್ರಶ್ನೆ ನೆನಪಿಡಿ. ಕೊಡೋ ದುಡ್ಡು ಯಾರದು? ನಾನು ಗೆಲ್ಲೋಕೆ ಇನ್ನೊಬ್ಬರು ಸೇರಲೇಬೇಕೇ? ನಿಯಮ, ದಿನಾಂಕ, ನೋಂದಣಿ ಕಾಗದದಲ್ಲಿ ಇದೆಯೇ? ಬಹುಮಾನ ಕೈಗೆ ಬರೋ ಮುಂಚೆ ನನ್ನಿಂದಲೇ ದುಡ್ಡು ಕೇಳ್ತಿದ್ದಾರೆಯೇ? ಮೊಬೈಲಿಗೆ "25 ಲಕ್ಷ ಬಂದಿದೆ, ಮೊದಲು ತೆರಿಗೆ ಹಾಕಿ" ಅಂತ ಬಂದರೆ ಅಳಿಸಿಹಾಕಿ. ನೀವು ಸೇರದೇ ಇದ್ದ ಆಟದಲ್ಲಿ ನೀವು ಗೆಲ್ಲೋದು ಹೇಗೆ? ತೆರಿಗೆ ಸರ್ಕಾರಕ್ಕೆ ಸೇರಬೇಕು, ಯಾವನೋ ಒಬ್ಬನ ಖಾತೆಗಲ್ಲ.

ಈಗಾಗಲೇ ಕಟ್ಟಿದ್ದರೆ ರಸೀದಿ, ಮೆಸೇಜು, ಬ್ಯಾಂಕಿನ ಚೀಟಿ ಯಾವುದನ್ನೂ ಬಿಸಾಡಬೇಡಿ. ಹೋದ ದುಡ್ಡು ಹಿಡಿಯೋಕೆ ಇನ್ನೊಬ್ಬರನ್ನು ಸೇರಿಸಬೇಡಿ. ಒಬ್ಬೊಬ್ಬರೇ ಅಲ್ಲ, ಗುಂಪಾಗಿ, ವಕೀಲರನ್ನು ಕೇಳಿಕೊಂಡು ಠಾಣೆಗೆ ಹೋಗಿ, ದೂರು ಬರೆದು ಕೊಡಿ. ಮೊಬೈಲಿನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಗ್ರಾಹಕರ ದೂರಿಗೆ 1915.

ಚಿಕ್ಕಮ್ಮನ ದುಡ್ಡನ್ನು ನಾನು ಕಂತು ಕಂತಾಗಿ ತೀರಿಸಿದೆ. ಉಳಿದ ಐವರದು ಇನ್ನೂ ಬಾಕಿ ಇದೆ. ಅವರಲ್ಲಿ ಇಬ್ಬರು ಈ ಸಭೆಯಲ್ಲೇ ಕೂತಿದ್ದಾರೆ. ಅವರ ಮುಂದೆ ನಿಂತು ಇದನ್ನು ಹೇಳೋದು ನನಗೆ ಸುಲಭವಲ್ಲ. ಆದರೂ ಹೇಳಿದೆ. ಯಾಕಂದರೆ ಮುಂದಿನ ವಾರ ಕೋಟು ಹಾಕಿಕೊಂಡು ಇನ್ನೊಬ್ಬ ಬರ್ತಾನೆ. ಅವನ ಜೊತೆ ನಿಮ್ಮ ಮನೆ ಬಾಗಿಲಿಗೆ ಬರುವವನು ನಮ್ಮವನೇ ಆಗಿರ್ತಾನೆ. ಅವನನ್ನು ಬೈದು ಕಳಿಸಬೇಡಿ. ಒಳಗೆ ಕೂರಿಸಿ, ನೀರು ಕೊಟ್ಟು, ಪೆನ್ಸಿಲ್ ಕೊಟ್ಟು, ಆರರ ಮಗ್ಗಿ ಬರೆಸಿ.

ಜೈ ಭೀಮ್.