ವಿಶ್ವವಿದ್ಯಾಲಯದವರು ಊರಿಗೆ ಬಂದಾಗ
(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ನಾವು ಎಸ್.ಎಸ್.ಎಲ್.ಸಿ. ತನಕ ಓದಿದ ರೈತರು. ದೊಡ್ಡ ವಿದ್ಯಾಲಯಗಳ ವಿಷಯ ಮಾತಾಡೋದಕ್ಕೆ ನಮಗೇನು ಅರ್ಹತೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಅವರ ಸಂಶೋಧನೆ ನಡೆಯೋದು ನಮ್ಮ ಹೊಲದಲ್ಲಿ. ಆದ್ದರಿಂದ ಮಾತಾಡೋ ಹಕ್ಕು ನಮಗೂ ಇದೆ.

ಏಳೆಂಟು ವರ್ಷದ ಹಿಂದಿನ ಮಾತು ತಮಗೆ ನೆನಪಿರಬಹುದು. ಒಂದು ಸಂಸ್ಥೆಯವರು ಹೊಸ ರಾಗಿ ತಳಿಯ ಪ್ರಯೋಗಕ್ಕೆ ಅಂತ ಬಂದರು. ನಾವೇ ಮುಂದೆ ನಿಂತು ಆರು ಜನ ಸದಸ್ಯರಿಂದ ಅರ್ಧರ್ಧ ಎಕರೆ ಕೊಡಿಸಿದೆವು. ಯಾರನ್ನೂ ಕೂರಿಸಿ ಕೇಳಲಿಲ್ಲ, ಸಾಮಾನ್ಯ ಸಭೆಯ ಮುಂದೂ ಇಡಲಿಲ್ಲ. ಬೆಳೆ ಬಂತು, ಕಾಳು ಪರವಾಗಿಲ್ಲ ಅನ್ನುವಷ್ಟಿತ್ತು. ಅವರು ಕಾಳು ತೂಗಿದರು, ಬರೆದುಕೊಂಡರು, ಜೀಪು ಹತ್ತಿ ಹೋದರು. ಹುಲ್ಲನ್ನು ಮಾತ್ರ ಯಾರೂ ತೂಗಲಿಲ್ಲ. ಆ ತಳಿ ಗಿಡ್ಡ. ಆ ವರ್ಷ ಆರೂ ಮನೆಯ ಮೆದೆ ಅರ್ಧಕ್ಕೆ ನಿಂತಿತು. ಬೇಸಿಗೆಯಲ್ಲಿ ಒಬ್ಬ ತಾಯಿ ಹುಲ್ಲಿಲ್ಲದೆ ಕರೆಯುವ ಹಸುವನ್ನೇ ಸಂತೆಗೆ ಹೊಡೆದರು. ಅವರ ಹೆಸರಿನ ಮುಂದೆ ನಮ್ಮ ಸಂಘದ ಪುಸ್ತಕದಲ್ಲಿ ಎಷ್ಟೋ ತಿಂಗಳು ಹಾಲಿನ ಲೆಕ್ಕವೇ ಇಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ ಅಂತ ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಪ್ರಯೋಗದ ಫಲಿತಾಂಶ ಏನಾಯ್ತು ಅನ್ನೋ ಒಂದು ಕಾಗದ ಕೂಡ ನಮ್ಮ ಊರಿಗೆ ಬರಲಿಲ್ಲ.

ಹಾಗಂತ ವಿದ್ಯಾಲಯಗಳೇ ಬೇಡ ಅನ್ನೋದು ಕೃತಘ್ನತೆಯಾದೀತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಯಿತು. ಪಾಠ, ಸಂಶೋಧನೆ, ವಿಸ್ತರಣೆ ಈ ಮೂರೂ ಒಂದೇ ಸೂರಿನಡಿ ಇರಬೇಕು ಅನ್ನೋದು ಅದರ ಉದ್ದೇಶ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ಹೆಸರು. ಬೆಂಕಿ ರೋಗ ತಡೆಯುವ ಜಿ.ಪಿ.ಯು. 28 ಬಂದ ಮೇಲೆ ಎಷ್ಟು ಮನೆಯ ಕಣ ತುಂಬಿದೆ ಅನ್ನೋದು ತಮಗೇ ಗೊತ್ತು. ನಮ್ಮ ತಕರಾರು ವಿದ್ಯೆಯ ಮೇಲಲ್ಲ, ಕೇಳುವ ಕ್ರಮದ ಮೇಲೆ.

ಕೇಳುವ ಕ್ರಮಕ್ಕೆ ಒಂದು ಉದಾಹರಣೆ ಹೇಳ್ತೀವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅನ್ನೋದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರ. ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ಇಡೀ ಊರಿಗೆ ಒಂದು ಗೊಬ್ಬರ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲು ಅಡುಗೆಗೆ ಗ್ಯಾಸ್ ಕೊಡುವ ಯೋಚನೆ. ಎಲ್ಲರ ಒಲೆಗೂ ಗ್ಯಾಸ್ ಸಾಲಲಿಲ್ಲ, ಜನರ ಉತ್ಸಾಹ ಇಳಿಯಿತು. ಹಾಗಾದರೆ ನಿಮಗೆ ಮೊದಲು ಏನು ಬೇಕು ಅಂತ ನೋಡಿದರೆ ಬೇಕಾಗಿದ್ದದ್ದು ಕುಡಿಯೋ ನೀರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ನಡೆಸಿ, ಕರೆಂಟು ತೆಗೆದು, ಕೊಳವೆ ಬಾವಿ ನೀರು ಎತ್ತಿ ನಲ್ಲಿಗೆ ಬಿಟ್ಟರು, ಮನೆಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಕಾಸು, ಗ್ಯಾಸ್ ತೆಗೆದ ಬಗ್ಗಡ ಮತ್ತೆ ಅವರ ತಿಪ್ಪೆಗೇ. ಅದು ವರ್ಷಗಟ್ಟಲೆ ನಡೆಯಿತು. ಸ್ಥಾವರವನ್ನು ಕೆಡವಿ ಬೇರೆ ಕಟ್ಟಲಿಲ್ಲ, ಬದಲಾದದ್ದು ಪ್ರಶ್ನೆ ಮಾತ್ರ. ಓದಿದವರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡು ಬರೆದಿದ್ದಾರೆ ಅನ್ನೋದು ಅದಕ್ಕಿಂತ ದೊಡ್ಡ ಮಾತು.

ಹೋದ ಸಾರಿ ಕೃಷಿ ಕಾಲೇಜಿನ ಕೊನೇ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆ ನಮ್ಮಲ್ಲಿ ತಂಗಿದ್ದರು. ಸಂಘದ ಕೊಠಡಿಯನ್ನೇ ಬಿಟ್ಟುಕೊಟ್ಟಿದ್ದೆವು. ಗುಡಿ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದರು. ಅಲ್ಲಿ ನಿಂತಿದ್ದ ಒಬ್ಬ ಅಜ್ಜಿ, "ಲೇ ಮಗಾ, ಕೆರೆ ಬರೆದೆ, ದೇವಸ್ಥಾನ ಬರೆದೆ, ದನ ಕಟ್ಟೋ ಜಾಗ ಎಲ್ಲಿ?" ಅಂದರು. ಆ ಹುಡುಗಿ ನಕ್ಕು, ಮತ್ತೆ ಕೂತು, ಅಜ್ಜಿ ತೋರಿಸಿದಂತೆ ಕೊಟ್ಟಿಗೆ, ಮೆದೆ, ತಿಪ್ಪೆ ಎಲ್ಲ ಬರೆದಳು. "ಎತ್ತರದ ರಾಗಿ ಯಾಕೆ ಬೇಕು ಅಜ್ಜಿ?" ಅಂತ ಕೇಳಿದಳು. "ತೆನೆ ನಾವು ತಿಂತೀವಿ ಕಣವ್ವ, ಹಸ ಏನು ತಿನ್ನಬೇಕು?" ಅಂದರು ಅಜ್ಜಿ. ಅದನ್ನು ಆ ಹುಡುಗಿ ಪುಸ್ತಕದಲ್ಲಿ ಬರೆದುಕೊಂಡಳು. ಏಳೆಂಟು ವರ್ಷದ ಹಿಂದೆ ಯಾರೂ ಬರೆಯದ ಮಾತು ಅದು.

ಈಗ ಅವರ ಗುರುಗಳು ನಮ್ಮಲ್ಲಿ ರಾಗಿ ಮತ್ತು ಮೇವಿನ ಪ್ರಯೋಗ ಮಾಡುವ ಇಚ್ಛೆ ತಿಳಿಸಿದ್ದಾರೆ. ಒಪ್ಪೋಣ, ಆದರೆ ಸಂಘದ ಮೂಲಕ, ಬರೆದು ಒಪ್ಪೋಣ ಅನ್ನೋದು ನಮ್ಮ ಸಲಹೆ. ಮೊದಲನೆಯದು, ಏನು ಪರೀಕ್ಷೆ ಮಾಡಬೇಕು ಅನ್ನೋದನ್ನು ಸಾಮಾನ್ಯ ಸಭೆಯಲ್ಲಿ ಕೂತು ನಿರ್ಧರಿಸಬೇಕು. ಆ ಸಭೆ ಸಂಜೆ ಹಾಲು ಹಾಕಿ ಆದ ಮೇಲೆ ಇರಬೇಕು, ಇಲ್ಲದಿದ್ದರೆ ಹೆಣ್ಣುಮಕ್ಕಳು ಬರೋಕಾಗಲ್ಲ. ಎರಡನೆಯದು, ಕಾಳಿನ ಜೊತೆ ಹುಲ್ಲನ್ನೂ ತೂಗಬೇಕು, ಆ ಮೇವು ತಿಂದ ಹಸುವಿನ ಹಾಲನ್ನೂ ಬರೆಯಬೇಕು. ಮೂರನೆಯದು, ನಷ್ಟವಾದರೆ ಯಾರು ಹೊರಬೇಕು ಅಂತ ಬಿತ್ತನೆಗೆ ಮೊದಲೇ ಕಾಗದವಾಗಬೇಕು. ನಾಲ್ಕನೆಯದು, ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಕನ್ನಡದಲ್ಲಿ ಬರೆದು ಸಭೆಯಲ್ಲಿ ಓದಿ, ಒಂದು ಪ್ರತಿ ಸಂಘದ ಬೀರುವಿನಲ್ಲಿ ಇಡಬೇಕು.

ನಮ್ಮ ಕಡೆಯ ಕರ್ತವ್ಯವೂ ಇದೆ. ಗೊಬ್ಬರ ಹಾಕದೆ ಹಾಕಿದೆವು ಅನ್ನಬಾರದು. ತೂಕ ತಪ್ಪಿಸಬಾರದು. ಸಬ್ಸಿಡಿ ಆಸೆಗೆ ಹೊಲ ಕೊಡಬಾರದು. ಇಪ್ಪತ್ತೈದು ವರ್ಷದ ಹಾಲಿನ ಪುಸ್ತಕ ನಮ್ಮ ಹತ್ತಿರ ಇದೆ, ಅದೂ ಒಂದು ವಿದ್ಯೆಯೇ. ಅದನ್ನು ಸದಸ್ಯರ ಒಪ್ಪಿಗೆ ಇಲ್ಲದೆ ಯಾರ ಕೈಗೂ ಕೊಡದಿರೋಣ, ಒಪ್ಪಿಗೆ ಇದ್ದರೆ ಬಚ್ಚಿಡದಿರೋಣ.

ಹಸು ಮಾರಿದ ಆ ತಾಯಿ ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಮುಂದಿನ ಪ್ರಯೋಗದ ಕಾಗದಕ್ಕೆ ಮೊದಲ ರುಜು ಅವರೇ ಹಾಕಲಿ, ಆದರೆ ಪೂರ್ತಿ ಓದಿಸಿ ಕೇಳಿದ ಮೇಲೆ ಹಾಕಲಿ ಅಂತ ಕೋರಿ, ನಮ್ಮ ಎರಡು ಮಾತು ಮುಗಿಸುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.