ನಾಲ್ಕು ಚಕ್ರದ ಸಭಾಕಂಪ



ಇವತ್ತು ನಾನು ಮಾತಾಡಬೇಕೆಂದಿರುವುದು ಡ್ರೈವಿಂಗ್ ಟೆಸ್ಟಿನ ಬಗ್ಗೆ. ಅದರಲ್ಲೂ ದೊಡ್ಡವರಾದ ಮೇಲೆ ಕಾರು ಕಲಿಯುವವರಿಗೆ ಟೆಸ್ಟಿನ ಮೊದಲು ಬರುವ ನಡುಕದ ಬಗ್ಗೆ. ಇಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರು 17 ತುಂಬಿದ ಕೂಡಲೇ ಕಲಿಯಲು ಶುರು ಮಾಡಿದವರು. ಇನ್ನು ಕೆಲವರು ಯೂನಿವರ್ಸಿಟಿ, ಕೆಲಸ, ಲಂಡನ್ನಿನ ಟ್ಯೂಬ್ ಅಂತ ಮುಂದೂಡುತ್ತಾ ಬಂದು ಈಗ 26ರಲ್ಲಿ ಎಲ್ ಪ್ಲೇಟ್ ಅಂಟಿಸಿಕೊಂಡವರು. ಮೂರನೆಯ ಗುಂಪಿನವರು ನಿಮ್ಮ ಮನೆಯಲ್ಲೇ ಇರಬಹುದು. ನಿಮ್ಮ ಅಮ್ಮ, ಚಿಕ್ಕಮ್ಮ, ಹೊಸದಾಗಿ ಮದುವೆಯಾಗಿ ಬಂದ ಅತ್ತಿಗೆ.

ಈ ಮೂರನೆಯ ಗುಂಪಿನ ಕಷ್ಟ ನಿಮಗೆ ಗೊತ್ತಿರಲಿ. ಭಾರತದ ಲೈಸೆನ್ಸ್ ಇದ್ದವರು ಇಲ್ಲಿಗೆ ಬಂದು ನೆಲೆಸಿದ ಮೇಲೆ 12 ತಿಂಗಳು ಮಾತ್ರ ಅದರಲ್ಲಿ ಕಾರು ಓಡಿಸಬಹುದು. ಆಮೇಲೆ ಪ್ರೊವಿಷನಲ್ ಲೈಸೆನ್ಸ್, ಥಿಯರಿ, ಪ್ರಾಕ್ಟಿಕಲ್, ಎಲ್ಲವೂ ಮೊದಲಿನಿಂದ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ವರ್ಷ ಕಾರು ಓಡಿಸಿದವರೂ ಇಲ್ಲಿ ಮತ್ತೆ ಎಲ್ ಬೋರ್ಡಿನವರೇ. ಅಷ್ಟರಲ್ಲಿ ಬಸ್ಸು ಗಂಟೆಗೊಂದು ಬರುವ ಊರಿನಲ್ಲಿ ಮನೆ ಆಗಿರುತ್ತದೆ. ಆಸ್ಪತ್ರೆಗೆ, ಕೆಲಸದ ಇಂಟರ್‌ವ್ಯೂಗೆ, ಗೆಳತಿಯ ಮನೆಗೆ, ಎಲ್ಲಕ್ಕೂ ಇನ್ನೊಬ್ಬರ ಬಿಡುವು ನೋಡಿಕೊಂಡು ಕಾಯಬೇಕು. ಒಂದು ಟೆಸ್ಟ್ ಪಾಸಾಗುವುದು ಅವರ ಪಾಲಿಗೆ ಬಹಳ ದೊಡ್ಡ ವಿಷಯ. ನಡುಕ ಹುಟ್ಟುವುದೂ ಅಲ್ಲಿಂದಲೇ.

ಕನ್ನಡ ಓದಿದವಳಾದ್ದರಿಂದ ನನಗೆ ಯಾವ ತೊಂದರೆ ಬಂದರೂ ಮೊದಲು ಅದರ ಹೆಸರು ಹುಡುಕುವ ಅಭ್ಯಾಸ. ಇಂಗ್ಲಿಷಿನಲ್ಲಿ ನೀವು ಇದಕ್ಕೆಲ್ಲ ‘ನರ್ವಸ್’ ಎಂಬ ಒಂದೇ ಮಾತು ಹೇಳಿ ಮುಗಿಸುತ್ತೀರಿ. ನಮ್ಮಲ್ಲಿ ಬೇರೆ ಬೇರೆ ಮಾತುಗಳಿವೆ. ಎದುರಿನಿಂದ ಲಾರಿ ಬಂದಾಗ ಆಗುವುದು ಭಯ. ರೌಂಡಬೌಟಿನ ನಡುವೆ ಯಾವ ದಾರಿ ಹಿಡಿಯಬೇಕೆಂದು ತೋಚದೆ ಇದ್ದಾಗ ಆಗುವುದು ಗಾಬರಿ. ಇವೆರಡಕ್ಕೂ ಮದ್ದು ಒಂದೇ, ಇನ್ನಷ್ಟು ಅಭ್ಯಾಸ. ಆದರೆ ಚೆನ್ನಾಗಿ ಓಡಿಸಲು ಬರುವವರಿಗೂ ಟೆಸ್ಟಿನ ದಿನ ಕೈಕಾಲು ನಡುಗುತ್ತದಲ್ಲ, ಅದು ಮೂರನೆಯ ಬಗೆ. ಅದರ ಹೆಸರು ಸಭಾಕಂಪ. ಭೂಕಂಪದಲ್ಲಿರುವ ಕಂಪವೇ ಇಲ್ಲೂ ಇರುವುದು. ಭೂಮಿ ನಡುಗಿದರೆ ಭೂಕಂಪ, ಸಭೆಯ ಮುಂದೆ ನಿಂತು ನಾವು ನಡುಗಿದರೆ ಸಭಾಕಂಪ.

ರಾಜ್ಯೋತ್ಸವದ ದಿನ ವೇದಿಕೆ ಹತ್ತಿದವರಿಗೆ, ಭರತನಾಟ್ಯದ ರಂಗಪ್ರವೇಶ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯ ಕನ್ನಡಿಯ ಮುಂದೆ ಸರಾಗವಾಗಿ ಬಂದ ಹಾಡು ಪರದೆ ಸರಿದಾಗ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಡು ಮರೆತಿರುವುದಿಲ್ಲ, ನೋಡುವವರು ಇದ್ದಾರೆ ಅಷ್ಟೆ. ಡ್ರೈವಿಂಗ್ ಟೆಸ್ಟೂ ಹಾಗೆಯೇ. ಇಲ್ಲಿ ಸಭೆಯಲ್ಲಿ ಇರುವುದು ಒಬ್ಬರೇ. ಅವರು ಪಕ್ಕದ ಸೀಟಿನಲ್ಲಿ ಕೂತು ಟ್ಯಾಬ್ಲೆಟ್ಟಿನಲ್ಲಿ ಗುರುತು ಹಾಕುತ್ತಿರುತ್ತಾರೆ.

ನಾನು ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ಮೂವರು ಪ್ರಾಧ್ಯಾಪಕರ ಮುಂದೆ ಹಳಗನ್ನಡ ಪದ್ಯ ಬಿಡಿಸಿ ಹೇಳಿದವಳು. ನಮ್ಮ ಕನ್ನಡ ತರಗತಿಯ ವಾರ್ಷಿಕೋತ್ಸವದಲ್ಲಿ ಅಮ್ಮನ ಕೈಗೆ ಮೈಕು ಕೊಟ್ಟರೆ ವಾಪಸ್ ಸಿಗುವುದಿಲ್ಲ ಅಂತ ನನ್ನ ಮಕ್ಕಳೇ ತಮಾಷೆ ಮಾಡುತ್ತಾರೆ. ಆದರೂ 41ನೇ ವಯಸ್ಸಿನಲ್ಲಿ ಟೆಸ್ಟ್ ಸೆಂಟರಿನ ಕುರ್ಚಿಯಲ್ಲಿ ಕೂತಾಗ ಬಾಯಿ ಒಣಗಿತ್ತು, ಅಂಗೈ ಒದ್ದೆಯಾಗಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ 18 ಇರಬಹುದು. ಅವನ ಕಾಲು ಹೊಲಿಗೆ ಮಷಿನ್ ತುಳಿಯುವ ಹಾಗೆ ಆಡುತ್ತಿತ್ತು. ಇದು ವಯಸ್ಸಿನ ಕಾಯಿಲೆಯಲ್ಲ ಅಂತ ಅವನನ್ನು ನೋಡಿಯೇ ನನಗೆ ಸಮಾಧಾನವಾಯಿತು.

ಆದರೂ ದೊಡ್ಡವರಿಗೆ ಒಂದು ಹೊರೆ ಹೆಚ್ಚು. ಹದಿನೇಳರ ಹುಡುಗ ಫೇಲಾದರೆ ‘ಮುಂದಿನ ಸಲ ಆಗುತ್ತೆ ಬಿಡೋ’ ಅನ್ನುತ್ತಾರೆ. ನಲವತ್ತರ ಹೆಂಗಸು ಫೇಲಾದರೆ ‘ಈ ವಯಸ್ಸಿನಲ್ಲಿ ಬೇಕಿತ್ತಾ’ ಎಂಬ ಮಾತು ಬರುತ್ತದೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅವಳ ಕಿವಿಗೆ ಅದು ಕೇಳಿಸುತ್ತದೆ. ನಿಮಗೆ ಮಗ್ಗಿ ಕಲಿಸಿದ, ನಿಮ್ಮ ಹೋಮ್‌ವರ್ಕ್ ತಿದ್ದಿದ ಅಮ್ಮ ಈಗ ತನ್ನನ್ನು ತಿದ್ದಿಸಿಕೊಳ್ಳುವ ಜಾಗದಲ್ಲಿ ಕೂತಿದ್ದಾಳೆ. ಅದು ಸುಲಭವಲ್ಲ.

ಸಭಾಕಂಪ ಅಂತ ಹೆಸರು ಸಿಕ್ಕಿದರೆ ದಾರಿಯೂ ಸಿಗುತ್ತದೆ. ವೇದಿಕೆಯ ಅಂಜಿಕೆಗೆ ಕಲಾವಿದರು ಏನು ಮಾಡುತ್ತಾರೋ ಅದನ್ನೇ ಇಲ್ಲೂ ಮಾಡಬೇಕು.

ಮೊದಲನೆಯದು, ತೀರ್ಪುಗಾರರು ಏನನ್ನು ನೋಡುತ್ತಾರೆ ಅಂತ ತಿಳಿದುಕೊಳ್ಳುವುದು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಕಾರಿನ ಟೆಸ್ಟ್ ಸುಮಾರು 40 ನಿಮಿಷದ್ದು. ಶುರುವಿನಲ್ಲಿ 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸುತ್ತಾರೆ. ಕಾರಿನ ಸುರಕ್ಷತೆಯ ಬಗ್ಗೆ ಎರಡು ಸಣ್ಣ ಪ್ರಶ್ನೆ ಇರುತ್ತದೆ. ಒಂದು ರಿವರ್ಸ್ ಕೆಲಸ ಮಾಡಿಸುತ್ತಾರೆ. ಸ್ವಲ್ಪ ಹೊತ್ತು ಸ್ಯಾಟ್‌ನ್ಯಾವ್ ಅಥವಾ ರಸ್ತೆ ಫಲಕ ನೋಡಿಕೊಂಡು ನೀವೇ ಓಡಿಸಬೇಕು. 15ರವರೆಗೆ ಸಣ್ಣ ತಪ್ಪು ಆದರೂ ಪಾಸ್. ಗಂಭೀರ ಅಥವಾ ಅಪಾಯಕಾರಿ ತಪ್ಪು ಒಂದೇ ಒಂದು ಆದರೂ ಫೇಲ್.

ಆ 15 ಎಂಬ ಅಂಕಿಯನ್ನು ಮನಸ್ಸಿಟ್ಟು ಕೇಳಿ. ಯಾರೂ ನಿಮ್ಮಿಂದ ನೂರಕ್ಕೆ ನೂರು ನಿರೀಕ್ಷಿಸುತ್ತಿಲ್ಲ. ಸ್ಯಾಟ್‌ನ್ಯಾವ್ ಎಡಕ್ಕೆ ಅಂದಾಗ ನೀವು ನೇರ ಹೋದಿರಿ ಅಂತಿಟ್ಟುಕೊಳ್ಳಿ. ಸುರಕ್ಷಿತವಾಗಿ ಹೋದರೆ ಅದು ತಪ್ಪೇ ಅಲ್ಲ. ತಪ್ಪು ದಾರಿಯನ್ನು ಸರಿಮಾಡಲು ಗಕ್ಕನೆ ತಿರುಗಿಸುವುದೇ ಅಪಾಯ. ಕಾರು ಒಂದು ಸಲ ನಿಂತುಹೋದ ಮಾತ್ರಕ್ಕೆ ಟೆಸ್ಟ್ ಮುಗಿಯಿತು ಅಂತಲೂ ಅಲ್ಲ. ಕೈ ನಡುಗಿದ್ದಕ್ಕೆ ಅಂಕ ಕಳೆಯುವ ಕಾಲಮ್ಮು ಆ ಟ್ಯಾಬ್ಲೆಟ್ಟಿನಲ್ಲಿ ಇಲ್ಲ. ಪರೀಕ್ಷಕರು ಮಾತಾಡದೆ ಕೂತಿದ್ದರೆ ಸಿಟ್ಟಾಗಿದ್ದಾರೆ ಅಂತ ತಿಳಿಯಬೇಡಿ. ನಿಮ್ಮ ಗಮನ ಕದಡದಿರಲಿ ಅಂತ ಸುಮ್ಮನಿರುತ್ತಾರೆ.

ಎರಡನೆಯದು, ರಿಹರ್ಸಲ್. ಹಾಡು ಕಲಿಯುವುದು ಬೇರೆ, ರಿಹರ್ಸಲ್ ಬೇರೆ. ಡ್ರೈವಿಂಗ್ ಪಾಠ ಎಷ್ಟು ತೆಗೆದುಕೊಂಡರೂ ಅಲ್ಲಿ ಇನ್‌ಸ್ಟ್ರಕ್ಟರ್ ಮಾತಾಡುತ್ತಲೇ ಇರುತ್ತಾರೆ, ಅವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಟೆಸ್ಟಿನ ಮೌನ ಮೊದಲ ಸಲ ಟೆಸ್ಟಿನಲ್ಲೇ ಎದುರಾದರೆ ಯಾರಿಗಾದರೂ ನಡುಕ ಬರುತ್ತದೆ. ಅದಕ್ಕೆ ಕನಿಷ್ಠ ಎರಡು ಸಲ ಅಣಕು ಟೆಸ್ಟ್ ಮಾಡಿಸಿಕೊಳ್ಳಿ. ಸಾಧ್ಯವಾದರೆ ಪರಿಚಯವೇ ಇಲ್ಲದ ಇನ್ನೊಬ್ಬ ಇನ್‌ಸ್ಟ್ರಕ್ಟರ್ ಜೊತೆ. ಪೂರ್ತಿ 40 ನಿಮಿಷ, ನಡುವೆ ಒಂದು ಮಾತಿಲ್ಲದೆ, ಕೊನೆಗೆ ಫಲಿತಾಂಶ.

ನಮ್ಮ ಅಮ್ಮಂದಿರಿಗೆ ಭಾಷೆಯ ಅಳುಕೂ ಇರುತ್ತದೆ. 2014ರ ಏಪ್ರಿಲ್‌ನಿಂದ ಟೆಸ್ಟಿಗೆ ದುಭಾಷಿಯನ್ನು ಕರೆದುಕೊಂಡು ಹೋಗುವಂತಿಲ್ಲ. ಆದರೆ ಪರೀಕ್ಷಕರು ಬಳಸುವ ಮಾತುಗಳು ಕಡಿಮೆ, ಮತ್ತೆ ಮತ್ತೆ ಅವೇ ಬರುತ್ತವೆ. ‘ಅಟ್ ದಿ ರೌಂಡಬೌಟ್, ಟೇಕ್ ದಿ ಸೆಕೆಂಡ್ ಎಕ್ಸಿಟ್.’ ‘ಪುಲ್ ಅಪ್ ಆನ್ ದಿ ಲೆಫ್ಟ್.’ ಇಂಥ ವಾಕ್ಯಗಳನ್ನು ಇಲ್ಲಿನ ಉಚ್ಚಾರಣೆಯಲ್ಲಿ ಹೇಳಿ ಕಿವಿಗೆ ಅಭ್ಯಾಸ ಮಾಡಿಸಲು ನಿಮಗಿಂತ ಒಳ್ಳೆಯ ಗುರು ಸಿಗುವುದಿಲ್ಲ. ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಬಹುದು ಎಂಬುದನ್ನೂ ಅವರಿಗೆ ತಿಳಿಸಿ.

ಇನ್ನೊಂದು ಅಭ್ಯಾಸ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾ ಓಡಿಸುವುದು. ‘ಎಡಗಡೆ ಸೈಕಲ್, ಮುಂದೆ ಜೀಬ್ರಾ ಕ್ರಾಸಿಂಗ್, ಅಜ್ಜಿ ದಾಟುವ ಹಾಗೆ ಕಾಣುತ್ತೆ, ಮಿರರ್ ನೋಡಿದೆ, ವೇಗ ಇಳಿಸಿದೆ.’ ಇದನ್ನು ಕನ್ನಡದಲ್ಲೇ ಮಾಡಿ. ಮನಸ್ಸು ರಸ್ತೆಯ ಮಾತಿನಲ್ಲಿ ತುಂಬಿದ್ದರೆ ‘ಫೇಲಾದರೆ ಏನು ಗತಿ’ ಎಂಬ ಮಾತಿಗೆ ಜಾಗ ಕಡಿಮೆ. ಟೆಸ್ಟಿನ ದಿನ ಇದನ್ನೇ ಮನಸ್ಸಿನೊಳಗೆ ಹೇಳಿಕೊಂಡರೆ ಆಯಿತು.

ಮೂರನೆಯದು, ಮೈಯ ಕಥೆ. ಎದೆ ಢವಢವ ಅನ್ನುವುದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ಅಪಾಯ ಬಂದರೆ ಓಡಲಿ, ಇಲ್ಲವೇ ಎದುರಿಸಲಿ ಅಂತ ಮೈ ತನ್ನನ್ನು ಸಿದ್ಧ ಮಾಡಿಕೊಳ್ಳುತ್ತದೆ. ಉಸಿರನ್ನು 4 ಎಣಿಸುತ್ತಾ ಒಳಗೆ ತೆಗೆದುಕೊಂಡು 6 ಎಣಿಸುತ್ತಾ ಹೊರಗೆ ಬಿಟ್ಟರೆ ಎದೆಬಡಿತ ನಿಧಾನವಾಗುತ್ತದೆ. ಬಿಡುವ ಉಸಿರು ಉದ್ದವಿರಬೇಕು, ಗುಟ್ಟು ಅಷ್ಟೇ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯವಿದೆ. ಭಾಷಣಕ್ಕೆ ಮೊದಲು ‘ನಾನು ಶಾಂತವಾಗಿದ್ದೇನೆ’ ಅಂತ ಹೇಳಿಕೊಂಡವರಿಗಿಂತ ‘ನನಗೆ ಹುಮ್ಮಸ್ಸು ಬಂದಿದೆ’ ಅಂತ ಹೇಳಿಕೊಂಡವರು ಚೆನ್ನಾಗಿ ಮಾತಾಡಿದರಂತೆ. ನಡುಗುವ ಮೈಗೆ ಸುಮ್ಮನಿರು ಅಂದರೆ ಅದು ಕೇಳುವುದಿಲ್ಲ. ಇದು ಹುಮ್ಮಸ್ಸು ಅಂದರೆ ಒಪ್ಪಿಕೊಳ್ಳುತ್ತದೆ. ಯಾರೋ ಗೆಳತಿ ಕೊಟ್ಟಳು ಅಂತ ಮಾತ್ರೆ ಮಾತ್ರ ನುಂಗಬೇಡಿ. ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ಅಂಜಿಕೆ ಅತಿಯಾಗಿದ್ದರೆ ಮೊದಲೇ ಜಿ.ಪಿ. ಹತ್ತಿರ ಹೋಗಿ ಮಾತಾಡಿ.

ಈಗ ನಿಮ್ಮ ಪಾತ್ರಕ್ಕೆ ಬರುತ್ತೇನೆ. ನಿಮಗೆ 21 ದಾಟಿ, ಲೈಸೆನ್ಸ್ ಬಂದು ಮೂರು ವರ್ಷ ಆಗಿದ್ದರೆ ಕಾನೂನಿನ ಪ್ರಕಾರ ಅಮ್ಮನ ಪಕ್ಕ ಕೂತು ಅಭ್ಯಾಸ ಮಾಡಿಸಬಹುದು. ಕಾರಿನ ಇನ್ಶೂರೆನ್ಸಿನಲ್ಲಿ ಅಮ್ಮನ ಹೆಸರು ಇರಬೇಕು, ಎಲ್ ಪ್ಲೇಟ್ ಇರಬೇಕು, ಮೋಟರ್‌ವೇಗೆ ಹೋಗುವಂತಿಲ್ಲ. ಆ ಸೀಟಿನಲ್ಲಿ ಕೂತಾಗ ನೀವೂ ಒಂದು ಸಭೆ ಅನ್ನುವುದನ್ನು ಮರೆಯಬೇಡಿ. ‘ಅಯ್ಯೋ ಅಮ್ಮಾ!’ ಅಂತ ಒಂದು ಸಲ ಕೂಗಿದರೆ ಮುಂದಿನ ಹತ್ತು ನಿಮಿಷ ಅಮ್ಮ ರಸ್ತೆಯ ಬದಲು ನಿಮ್ಮ ಮುಖ ನೋಡುತ್ತಾಳೆ. ಫೋನ್ ಒಳಗಿಡಿ. ಹೇಳಬೇಕಾದ್ದನ್ನು ಮೊದಲೇ ಹೇಳಿ, ಸಣ್ಣದಾಗಿ ಹೇಳಿ. ‘ಮುಂದಿನ ಸಿಗ್ನಲ್ಲಿಗೆ ಬಲಗಡೆ ಲೇನ್, ಅಮ್ಮ.’ ಉಳಿದ ವಿಮರ್ಶೆ ಕಾರು ನಿಲ್ಲಿಸಿದ ಮೇಲೆ. ಅದೂ ಚೆನ್ನಾಗಿ ಮಾಡಿದ ಎರಡು ವಿಷಯ ಹೇಳಿದ ನಂತರ.

ನಾನು ಸ್ವಯಂಸೇವಕಿಯಾಗಿರುವ ಕನ್ನಡ ತರಗತಿಯಲ್ಲಿ, ಮಕ್ಕಳು ಒಳಗೆ ಅಕ್ಷರ ಬರೆಯುವಾಗ ಅಮ್ಮಂದಿರು ಹೊರಗೆ ಕೂತು ಮಾತಾಡುತ್ತಾರೆ. ಅವರಲ್ಲಿ ಒಬ್ಬರು ಹೇಳಿದ್ದು ನನಗೆ ಇನ್ನೂ ನೆನಪಿದೆ. ‘ಪರೀಕ್ಷಕರ ಮುಂದೆ ಓಡಿಸಬಲ್ಲೆ ಕಣ್ರೀ, ಮಗಳ ಮುಂದೆ ಆಗಲ್ಲ. ಅವಳು ಕಣ್ಣು ಮುಚ್ಚಿಕೊಂಡು ಕೂರ್ತಾಳೆ.’ ಎಲ್ಲರೂ ನಕ್ಕರು. ಆದರೆ ಅವರು ನಗುತ್ತಿರಲಿಲ್ಲ. ಮುಂದಿನ ಒಂದು ತಿಂಗಳು ಅವರು ಅಭ್ಯಾಸಕ್ಕೇ ಹೋಗಲಿಲ್ಲ.

ಟೆಸ್ಟ್ ದಿನಾಂಕವನ್ನು ಎಷ್ಟು ಕಡಿಮೆ ಜನಕ್ಕೆ ಹೇಳಿದರೆ ಅಷ್ಟು ಒಳ್ಳೆಯದು. ವಾಟ್ಸಾಪ್ ಗುಂಪಿಗೆ ಹಾಕಿದರೆ ಒಬ್ಬರ ಸಭೆ ಐವತ್ತು ಜನರ ಸಭೆಯಾಗುತ್ತದೆ. ಊರಿಂದ ದೊಡ್ಡಮ್ಮ ಬೇರೆ ಫೋನ್ ಮಾಡಿ ‘ಏನಾಯ್ತೇ?’ ಅಂತ ಕೇಳುತ್ತಾರೆ. ಟೆಸ್ಟಿನ ಹಿಂದಿನ ರಾತ್ರಿ ಹೊಸದೇನನ್ನೂ ಕಲಿಸಬೇಡಿ. ಅವತ್ತು ಬೆಳಿಗ್ಗೆ ಅಡುಗೆಮನೆ ನಿಮ್ಮದು. ಅಮ್ಮನಿಗೆ ಎರಡು ಇಡ್ಲಿ ತಿನ್ನಿಸಿ ಕಳಿಸಿ, ಎರಡನೆಯ ಲೋಟ ಕಾಫಿ ಬೇಡ. 16 ದಾಟಿದವರು ಟೆಸ್ಟಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬಹುದು, ಆದರೆ ತುಟಿ ಬಿಚ್ಚುವಂತಿಲ್ಲ. ನಿಮ್ಮನ್ನು ಕೂರಿಸಿಕೊಳ್ಳಬೇಕೋ ಬೇಡವೋ ಅನ್ನುವುದನ್ನು ಅಮ್ಮನೇ ಹೇಳಲಿ. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ಫಲಿತಾಂಶ ಏನೇ ಬರಲಿ. ಈ ದೇಶದಲ್ಲಿ ಕಾರಿನ ಟೆಸ್ಟ್ ಕೊಡುವವರಲ್ಲಿ ಪಾಸಾಗುವವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಇಲ್ಲೇ ಹುಟ್ಟಿದವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಪಾಸಾಗದಿದ್ದರೆ ಎಲ್ಲೆಲ್ಲಿ ತಪ್ಪಾಯಿತು ಎಂಬ ಪಟ್ಟಿ ಕೈಗೆ ಸಿಗುತ್ತದೆ. 10 ಕೆಲಸದ ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು. ಪಟ್ಟಿಯಲ್ಲಿ ‘ಮಿರರ್’ ಅಂತ ಇದ್ದರೆ ಅದರ ಅರ್ಥ ಮಿರರ್ ಅಂತಲೇ, ‘ನಿನ್ನಿಂದ ಆಗದು’ ಅಂತ ಅಲ್ಲ. ಗೇರ್ ಬದಲಿಸುವುದೇ ತಲೆನೋವಾಗಿದ್ದರೆ ಆಟೊಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಡಬಹುದು. ಆ ಲೈಸೆನ್ಸಿನಲ್ಲಿ ಮ್ಯಾನ್ಯುಯಲ್ ಕಾರು ಓಡಿಸುವಂತಿಲ್ಲ, ಅಷ್ಟೇ ವ್ಯತ್ಯಾಸ. ಅದರಲ್ಲಿ ಸಣ್ಣತನವೇನೂ ಇಲ್ಲ.

26ರಲ್ಲಿ ಕಲಿಯುತ್ತಿರುವ ಗೆಳೆಯರಿಗೂ ಇದೇ ಮಾತು. ತಮ್ಮ ತಂಗಿಯರು ನಿಮಗಿಂತ ಮೊದಲು ಪಾಸಾಗಿರಬಹುದು, ಆಫೀಸಿನಲ್ಲಿ ನಿಮಗೊಬ್ಬರಿಗೇ ಲೈಸೆನ್ಸ್ ಇಲ್ಲದಿರಬಹುದು. ಆ ಹೋಲಿಕೆಯೂ ಒಂದು ಸಭೆಯೇ. ಅದನ್ನು ಕಾರಿನೊಳಗೆ ಹತ್ತಿಸಿಕೊಳ್ಳಬೇಡಿ. ಅಲ್ಲಿ ನೀವು, ಪರೀಕ್ಷಕರು ಮತ್ತು ಮುಂದಿನ ರಸ್ತೆ ಇದ್ದರೆ ಸಾಕು.

ನಡುಕ ಪೂರ್ತಿ ಹೋಗಲಿ ಅಂತ ಕಾಯುತ್ತಾ ಕೂತರೆ ಟೆಸ್ಟಿನ ದಿನ ಬರುವುದೇ ಇಲ್ಲ. ಎಷ್ಟೋ ಕಚೇರಿ ನಡೆಸಿದ ಸಂಗೀತಗಾರರೂ ಮೊದಲ ಕೀರ್ತನೆ ಮುಗಿಯುವವರೆಗೆ ಸ್ವಲ್ಪ ನಡುಗುತ್ತಾರೆ, ನಡುಗುತ್ತಲೇ ಶ್ರುತಿ ಹಿಡಿಯುತ್ತಾರೆ. ನಿಮ್ಮ ಮನೆಯ ಎಲ್ ಬೋರ್ಡಿನವರು ಈ ವಾರಾಂತ್ಯ ಕೀಲಿ ಕೈ ಹಿಡಿದು ‘ಒಂದು ರೌಂಡ್ ಹೋಗೋಣ್ವಾ?’ ಅಂತ ಕೇಳಿದರೆ, ಫೋನ್ ಕೆಳಗಿಟ್ಟು ಎದ್ದು ಹೋಗಿ. ಕಣ್ಣು ತೆರೆದುಕೊಂಡೇ ಕೂರಿ.