ಯೆಹೂದ್ಯರ ಚರಿತ್ರೆಯೂ ತುಳುನಾಡಿನ ವಿದ್ಯಾರ್ಥಿಯೂ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಿಂದ ಬಿ. ಎ. ತರಗತಿಗೆ ಸೇರಿದ ತರುಣನೊಬ್ಬನು ಯೆಹೂದ್ಯರ ಚರಿತ್ರೆ, ಸಂಸ್ಕೃತಿ, ಧರ್ಮಗಳನ್ನು ಅಭ್ಯಾಸ ಮಾಡುವೆನೆಂದು ಹೇಳಿದರೆ, ಮನೆಯ ಹಿರಿಯರು ಮೊದಲು ಕೇಳುವ ಮಾತು "ಅದರಿಂದ ಪ್ರಯೋಜನವೇನು?" ಎಂಬುದೇ ಆಗಿರುತ್ತದೆ. ಆ ಪ್ರಶ್ನೆಯು ಅನುಚಿತವಾದುದಲ್ಲ. ಅಡಕೆಯ ತೋಟವನ್ನು ನಂಬಿ ಮಕ್ಕಳನ್ನು ಓದಿಸುವವರು ಹಾಗೆ ಕೇಳಬೇಕಾದುದೇ. ಅದಕ್ಕೆ ಉತ್ತರವನ್ನು ಅರಸಿಕೊಂಡು ಜೆರುಸಲೇಮಿನವರೆಗೆ ಹೋಗಬೇಕಾಗಿಲ್ಲ. ನೇತ್ರಾವತಿಯು ಬಂಟ್ವಾಳವನ್ನು ದಾಟಿ ಕಡಲನ್ನು ಸೇರುವ ಮಂಗಳೂರಿನಲ್ಲಿಯೇ ಅದು ದೊರೆಯುತ್ತದೆ.

ಕ್ರಿ. ಶ. ಹನ್ನೆರಡನೆಯ ಶತಮಾನದಲ್ಲಿ, ತುಳುನಾಡನ್ನು ಆಳುಪರು ಆಳುತ್ತಿದ್ದ ಕಾಲದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲಸಿದ್ದನು. ಅವನ ಹುಟ್ಟೂರು ಉತ್ತರ ಆಫ್ರಿಕದ ಮಹ್ದಿಯಾ ಪಟ್ಟಣ. 1132ರಿಂದ 1149ರವರೆಗಿನ ಕಾಲದ ಬಹುಭಾಗವನ್ನು ಅವನು ಈ ಕರಾವಳಿಯಲ್ಲಿಯೇ ಕಳೆದನು. ಇಲ್ಲಿಂದ ಅವನು ಏಡನ್ ಬಂದರಿಗೆ ಅಡಕೆ, ಮೆಣಸು, ಏಲಕ್ಕಿ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಮೊದಲಾದುವು ಬರುತ್ತಿದ್ದುವು. ಅವನಿಗೆ ಒಂದು ಕಂಚಿನ ಕಾರ್ಖಾನೆಯೂ ಇದ್ದಿತು. ಏಡನ್ನಿನ ಗೆಳೆಯರು ಒಡೆದ ಹಳೆಯ ಪಾತ್ರೆಗಳನ್ನು ಕಳುಹಿಸಿ, ಅವುಗಳಿಂದ ಹೊಸ ಪಾತ್ರೆಗಳನ್ನು ಎರಕ ಹೊಯ್ಯಿಸಿಕೊಳ್ಳುತ್ತಿದ್ದರು. ಏಲಕ್ಕಿಗೆಂದು ಮುಂಗಡ ಹಣವನ್ನು ಪಡೆದು ಸರಕನ್ನು ಒಪ್ಪಿಸದೆ ಹೋದ ಸ್ಥಳೀಯನ ಮೇಲಣ ದೂರು ಕೂಡ ಆ ಪತ್ರಗಳಲ್ಲಿ ಉಂಟು. ಅಡಕೆಯ ಮಂಡಿಯ ಲೆಕ್ಕವನ್ನು ಬಲ್ಲ ಮನೆಯ ಹುಡುಗನಿಗೆ ಈ ಪತ್ರಗಳು ಪರಕೀಯವೆಂದು ತೋರಲಾರವು.

ಈ ಪತ್ರಗಳು ಉಳಿದು ಬಂದ ಬಗೆಯೂ ತಿಳಿಯತಕ್ಕದ್ದು. ದೇವರ ನಾಮವಿರಬಹುದಾದ ಬರಹವನ್ನು ಹರಿದೆಸೆಯಬಾರದೆಂಬುದು ಯೆಹೂದ್ಯರ ನಿಯಮ. ಆದುದರಿಂದ ಸವೆದ ಹಾಳೆಗಳನ್ನು ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. ಆ ಕೋಣೆಗೆ ಗೆನೀಜಾ ಎಂದು ಹೆಸರು. ಈಜಿಪ್ಟಿನ ಹಳೆಯ ಕೈರೋ ನಗರದ ಬೆನ್ ಎಜ್ರಾ ಮಂದಿರದ ಗೆನೀಜಾದಿಂದ 1896–97ರಲ್ಲಿ ಸಾಲೊಮನ್ ಷೆಕ್ಟರ್ ಎಂಬ ಪಂಡಿತನು ಲಕ್ಷಕ್ಕೂ ಮಿಕ್ಕ ತುಣುಕುಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದನು. ಮೂಡುಬಿದಿರೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯ ಸಿದ್ಧಾಂತ ಬಸದಿಯು ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಪರ್ಯಂತ ಕಾಪಾಡಿದುದರಿಂದಲೇ, ಧವಲಾ ಗ್ರಂಥವು 1939ರಿಂದ 1959ರವರೆಗೆ 16 ಸಂಪುಟಗಳಲ್ಲಿ ಅಚ್ಚಾಗಿ ಲೋಕಕ್ಕೆ ದೊರೆಯಿತು. ಅಕ್ಷರವನ್ನು ಪೂಜ್ಯವೆಂದು ಬಗೆದ ಎರಡು ಸಮಾಜಗಳು ಒಂದನ್ನೊಂದು ಅರಿಯದೆಯೇ ಒಂದೇ ಕಾರ್ಯವನ್ನು ಮಾಡಿದುವು.

ಇನ್ನು ಭಾಷೆ. ಬೆನ್ ಯಿಜುವಿನ ಪತ್ರಗಳಲ್ಲಿ ಹೆಚ್ಚಿನವು ಅರಬ್ಬೀ ಭಾಷೆಯವು, ಆದರೆ ಹೀಬ್ರೂ ಲಿಪಿಯವು. ಬೇರೆ ಕಡೆಯ ವಿದ್ಯಾರ್ಥಿಗೆ ಇದು ವಿಚಿತ್ರವಾಗಿ ಕಂಡೀತು. ಬಂಟ್ವಾಳದ ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನು ಆಡಿ, ಅವೆಲ್ಲವನ್ನೂ ಕನ್ನಡ ಅಕ್ಷರಗಳಲ್ಲಿ ಬರೆಯುವುದನ್ನು ಬಾಲ್ಯದಿಂದ ಕಂಡವನಿಗಾದರೋ, ಮಾತು ಒಂದು ಲಿಪಿ ಒಂದು ಆಗುವುದು ನಿತ್ಯದ ವ್ಯವಹಾರವೇ ಸರಿ.

ಆದರೆ ಹೋಲಿಕೆಯನ್ನು ಕಂಡೊಡನೆ ಎಲ್ಲವೂ ತಿಳಿಯಿತೆಂದು ಭಾವಿಸಲಾಗದು. 1132ನೆಯ ಅಕ್ಟೋಬರ್ 17ರಂದು ಬೆನ್ ಯಿಜುವು ಆಶು ಎಂಬ ದಾಸಿಗೆ ಮಂಗಳೂರಿನಲ್ಲಿ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅದರಲ್ಲಿ ಆಕೆಗೆ ಬೆರಾಖಾ, ಎಂದರೆ ಆಶೀರ್ವಾದ, ಎಂಬ ಹೊಸ ಹೆಸರಿದೆ. ಯೆಹೂದ್ಯ ಧರ್ಮಶಾಸ್ತ್ರದಂತೆ ಬಿಡುಗಡೆ ಹೊಂದಿದ ದಾಸಿಯು ಯೆಹೂದ್ಯಳೇ ಆಗುತ್ತಾಳೆ; ಅವನು ಮುಂದೆ ಆಕೆಯನ್ನೇ ಮದುವೆಯಾದನೆಂದು ವಿದ್ವಾಂಸರ ಅಭಿಪ್ರಾಯ. ಧರ್ಮಶಾಸ್ತ್ರವನ್ನು ಓದದೆ ಈ ಒಂದು ಹಾಳೆಯ ಅರ್ಥವೇ ಆಗದು. ತೋರಾ, ಅದರ ಮೇಲಣ ತಾಲ್ಮೂದಿನ ಚರ್ಚೆ, ಶಬ್ಬಾತಿನ ವಿಶ್ರಾಂತಿ, ಆಹಾರದ ಕಟ್ಟಳೆ, ವಿವಾಹದ ನಿಯಮ, ಇವೆಲ್ಲವೂ ಪಾಠದಲ್ಲಿ ಸೇರಬೇಕಾದುದು ಈ ಕಾರಣದಿಂದಲೇ. ಹಾಳೆಯು ಉಳಿಯಿತು, ಆಶುವು ತಾನಾಗಿ ನುಡಿದ ಒಂದು ಅಕ್ಷರವೂ ಉಳಿಯಲಿಲ್ಲ. ಆ ದಾಸಿಗೆ ಕೊಟ್ಟ ಹೆಸರು ಆಶೀರ್ವಾದವಾದರೂ, ಆಕೆಯ ಮನಸ್ಸಿನಲ್ಲಿ ಇದ್ದುದನ್ನು ಯಾರೂ ಬರೆದಿಡಲಿಲ್ಲ.

ಬೊಮ್ಮನ ಕಥೆಯೂ ಇಂತಹದೇ. ಬೆನ್ ಯಿಜುವಿನ ಆಳಾಗಿ, ಗುಮಾಸ್ತನಾಗಿ ಏಡನ್ನಿಗೆ ಹೋಗಿ ವ್ಯಾಪಾರ ನಡೆಸಿದ ಈತನ ಹೆಸರು ಪತ್ರಗಳಲ್ಲಿ ಬ-ಮ-ಹ ಎಂಬ ಮೂರೇ ವ್ಯಂಜನಗಳಲ್ಲಿ ಇರುತ್ತದೆ. ಗೆನೀಜಾ ಪತ್ರಗಳ ಮಹಾಪಂಡಿತನಾದ ಎಸ್. ಡಿ. ಗೊಯ್ಟೈನನು ಅದನ್ನು ಬಾಮಾ ಎಂದು ಓದಿದನು. ಅಮಿತಾವ್ ಘೋಷರು 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಗ್ರಂಥದಲ್ಲಿ, ತುಳು ಜಾನಪದದ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ನೆರವಿನಿಂದ, ಅದು ಬೊಮ್ಮ ಎಂಬ ಈ ನಾಡಿನ ಹೆಸರೆಂದು ನಿರೂಪಿಸಿದರು. ಹೀಬ್ರೂ, ಅರಬ್ಬೀ ಪಾಂಡಿತ್ಯವೆಲ್ಲವೂ ನಿಂತ ಸ್ಥಳದಲ್ಲಿ ತುಳುವಿನ ಜ್ಞಾನವು ಕೈಹಿಡಿಯಿತು. ಹಿರಿಯರು ಕೇಳಿದ ಪ್ರಯೋಜನವು ಇಲ್ಲಿಯೇ ಇದೆ: ಯೆಹೂದ್ಯರನ್ನು ಓದದವನಿಗೆ ತನ್ನ ಊರಿನ ಬೊಮ್ಮನು ಸಿಕ್ಕಲಾರನು, ತುಳುವನ್ನು ಮರೆತವನು ಸಿಕ್ಕಿದ ಬೊಮ್ಮನನ್ನು ಗುರುತಿಸಲಾರನು.

ಆದರೂ ಆ ಜನಾಂಗದ ಚರಿತ್ರೆಯನ್ನು ಮಂಗಳೂರಿನ ಅಳತೆಗೇ ಕುಗ್ಗಿಸುವುದು ನ್ಯಾಯವಲ್ಲ. ಕ್ರಿ. ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡಹಿದುದು, ಬಲಿಪೀಠವು ಹೋದ ಮೇಲೆ ಪ್ರಾರ್ಥನೆ ಮತ್ತು ಅಧ್ಯಯನಗಳ ಆಧಾರದಿಂದ ಧರ್ಮವು ಉಳಿದುದು, 1492ರಲ್ಲಿ ಸ್ಪೇನಿನಿಂದ ಉಚ್ಚಾಟನೆ, 1568ರಲ್ಲಿ ಕೊಚ್ಚಿಯಲ್ಲಿ ಕಟ್ಟಿದ ಪ್ರಾರ್ಥನಾಮಂದಿರ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದುದು, 1948ರಲ್ಲಿ ಇಸ್ರೇಲ್ ರಾಷ್ಟ್ರದ ಸ್ಥಾಪನೆ ಮತ್ತು ಅದರೊಡನೆ ಹುಟ್ಟಿದ ಪ್ಯಾಲೆಸ್ತೀನಿಯರ ಸಂಕಟ, ಇವನ್ನೆಲ್ಲ ಕ್ರಮವಾಗಿ ಓದಬೇಕು. ವೃತ್ತಪತ್ರಿಕೆಯ ಒಂದು ದಿನದ ಸುದ್ದಿಯಿಂದ ಮೂರು ಸಾವಿರ ವರ್ಷದ ಬಾಳನ್ನು ಅಳೆಯುವವನು ವಿದ್ಯಾರ್ಥಿಯಲ್ಲ. ಪರಧರ್ಮವನ್ನು ಹೊಗಳುವುದಕ್ಕಾಗಲಿ ಹಳಿಯುವುದಕ್ಕಾಗಲಿ ಓದದೆ, ಅದನ್ನು ಆಚರಿಸುವವನು ಕೇಳಿ "ಅಹುದು, ಹೀಗೆಯೇ" ಎನ್ನುವಂತೆ ವಿವರಿಸಲು ಕಲಿಯುವುದೇ ಈ ಅಭ್ಯಾಸದ ಸಾರ.

ಬೆನ್ ಯಿಜುವು ಮಂಗಳೂರಿನಲ್ಲಿ ಲೆಕ್ಕ ಬರೆದ ಶತಮಾನವೇ ಬಸವಣ್ಣನವರ ಶತಮಾನ. ಶರಣರ ವಚನಗಳೂ ಓಲೆಯ ಕಟ್ಟುಗಳಲ್ಲಿ ಬಹುಕಾಲ ಮಲಗಿದ್ದು, ಫ. ಗು. ಹಳಕಟ್ಟಿಯವರಂತಹ ಮಹನೀಯರ ಶ್ರಮದಿಂದ ಬೆಳಕು ಕಂಡುವು. ಕಟ್ಟನ್ನು ಬಿಚ್ಚುವ ಕೈಗಳು ಇಲ್ಲದಿದ್ದರೆ ಕಾಪಾಡಿದ ಪುಣ್ಯವೂ ಅರ್ಧವೇ. ಕೈರೋವಿನ ಹಾಳೆಗಳ ಛಾಯಾಚಿತ್ರಗಳು ಇಂದು ಗಣಕಯಂತ್ರದ ಮೂಲಕ ಬೆಳ್ತಂಗಡಿಯ ಹಳ್ಳಿಯ ಮನೆಗೂ ಬರುತ್ತವೆ. ಅವನ್ನು ಓದಲು ಬೇಕಾದ ಹೀಬ್ರೂ ಅಕ್ಷರಗಳು 22. ಅಷ್ಟನ್ನು ಕಲಿಯುವ ತಾಳ್ಮೆಯುಳ್ಳ ಮಕ್ಕಳು ಈ ಮೂರು ಊರುಗಳಿಂದ ಹೊರಡಲಿ. ಅವರನ್ನು ಓದಿಸುವ ಹಿರಿಯರಿಗೆ ಮಂಗಳವಾಗಲಿ.